ಸ್ಟ್ರೋಕ್ ನಂತರದ ಭುಜ ನೋವು: ಸ್ಲಿಂಗ್, ಟೇಪ್, ಕರೆಂಟ್, ಚುಚ್ಚುಮದ್ದು – ಯಾವುದು ಯಾರಿಗೆ?

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಲ್ಲಿ ಸುಮಾರು ಮೂರು-ನಾಲ್ಕು ಜನರಿಗೊಬ್ಬರಂತೆ ಸೋತ ಕಡೆಯ ಭುಜ ನೋಯತೊಡಗುತ್ತದೆ. ಕೆಲವರಿಗೆ ಎರಡನೇ ವಾರಕ್ಕೇ, ಹೆಚ್ಚಿನವರಿಗೆ ಎರಡು-ಮೂರನೇ ತಿಂಗಳಲ್ಲಿ. ನೋವು ಬಂದ ಮೇಲೆ ಸಲಹೆಗಳಿಗೇನೂ ಬರವಿಲ್ಲ: ಸ್ಲಿಂಗ್ ಹಾಕಿ, ಕೈ ಎತ್ತಿಸಿ, ಟೇಪ್ ಅಂಟಿಸಿ, ಕರೆಂಟ್ ಕೊಡಿಸಿ, ಬೊಟಾಕ್ಸ್ ಹಾಕಿಸಿ. ಇವೆಲ್ಲ ಯಾರಿಗೋ ಕೆಲಸ ಮಾಡಿದ ಸಲಹೆಗಳೇ. ತೊಡಕು ಎಲ್ಲಿದೆಯೆಂದರೆ, ಜೋತುಬಿದ್ದ ಕೈಗೆ ಉಪಕಾರ ಮಾಡುವ ಸಾಧನವೇ ಬಿಗಿದುಕೊಂಡ ಕೈಗೆ ಅಪಕಾರ ಮಾಡುತ್ತದೆ. ಕೀಲಿನ ಉರಿಯೂತಕ್ಕೆ ಕೊಡುವ ಚುಚ್ಚುಮದ್ದು ಮೆದುಳಿನಲ್ಲೇ ಹುಟ್ಟುವ ನೋವನ್ನು ಮುಟ್ಟುವುದೂ ಇಲ್ಲ. ಹಾಗಾಗಿ ಇಲ್ಲಿ ತೂಗಿ ನೋಡಿರುವುದು ಎಲ್ಲಕ್ಕಿಂತ ಉತ್ತಮ ಯಾವುದು ಎಂದಲ್ಲ, ಈ ಕೈಗೆ ಈಗ ಹೊಂದುವುದು ಯಾವುದು ಎಂದು.

ಮೊದಲು ಕೈ ಯಾವ ಸ್ಥಿತಿಯಲ್ಲಿದೆ ನೋಡಿ

ಭುಜದ ಕೀಲು ಆಳವಿಲ್ಲದ ತಟ್ಟೆಗೆ ಒರಗಿಸಿಟ್ಟ ಚೆಂಡಿನಂಥದ್ದು. ಅದನ್ನು ಜಾಗದಲ್ಲಿ ಹಿಡಿದಿಡುವುದು ಮೂಳೆಗಿಂತ ಹೆಚ್ಚಾಗಿ ಸುತ್ತಲಿನ ಸ್ನಾಯುಗಳು. ಅವುಗಳಲ್ಲೂ ಮೇಲ್ಗಡೆಯ ಸುಪ್ರಾಸ್ಪೈನೇಟಸ್ ಮತ್ತು ಹಿಂಬದಿಯ ಡೆಲ್ಟಾಯ್ಡ್. ಸ್ಟ್ರೋಕ್ ಆದ ಮೊದಲ ವಾರಗಳಲ್ಲಿ ಇವು ಸಡಿಲವಾಗಿರುತ್ತವೆ. ಒಂದು ಕೈಯ ಭಾರ ಮೈತೂಕದ ಸುಮಾರು ಶೇ. 5, 60 ಕಿಲೋ ತೂಗುವವರಲ್ಲಿ 3 ಕಿಲೋ. ಅಷ್ಟು ಭಾರ ದಿನವಿಡೀ ಜಗ್ಗುತ್ತಿದ್ದರೆ ತೋಳುಮೂಳೆಯ ತಲೆ ಕೆಳಕ್ಕೆ ಜಾರುತ್ತದೆ. ವಾರಗಳು ಕಳೆದಂತೆ ಹಲವರಲ್ಲಿ ಪರಿಸ್ಥಿತಿ ತಿರುಗುತ್ತದೆ: ಎದೆಯ ಪೆಕ್ಟೊರಾಲಿಸ್ ಮೇಜರ್ ಮತ್ತು ಹೆಗಲ ಹಲಗೆಮೂಳೆಯ ಒಳಮೈಯ ಸಬ್‌ಸ್ಕ್ಯಾಪುಲಾರಿಸ್ ಸೆಟೆದುಕೊಂಡು, ತೋಳು ಎದೆಗೆ ಒತ್ತಿ ಒಳಕ್ಕೆ ತಿರುಗಿ ನಿಲ್ಲುತ್ತದೆ.

ನಿಮ್ಮ ಮುಂದಿರುವುದು ಯಾವುದು ಎಂದು ತಿಳಿಯಲು ಯಂತ್ರ ಬೇಕಿಲ್ಲ. ಅವರನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಸೋತ ಕೈಗೆ ಒಂದು ಕ್ಷಣ ಆಸರೆ ತೆಗೆಯಿರಿ. ಭುಜದ ತುದಿಯ ಗಟ್ಟಿ ಮೂಳೆಯ ಕೆಳಗೆ ತೋರುಬೆರಳಿಟ್ಟು ನೋಡಿ. ಅಲ್ಲಿ ಬೆರಳು ಕೂರುವಂಥ ಗುಂಡಿ ಸಿಕ್ಕಿ, ಇನ್ನೊಂದು ಭುಜದಲ್ಲಿ ಸಿಗದಿದ್ದರೆ ಕೀಲು ಜಾರಿದೆ. ಆಮೇಲೆ ಮೊಣಕೈಯನ್ನು ಪಕ್ಕೆಗೆ ತಾಗಿಸಿ 90 ಡಿಗ್ರಿ ಮಡಿಸಿ, ಮುಂಗೈಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸಿ. ಸುಲಭವಾಗಿ ಹೋದರೆ ಸಡಿಲ ಕೈ. ತಡೆದರೂ, ಇನ್ನೂ ನಿಧಾನ ಮಾಡಿದಾಗ ಬಿಟ್ಟುಕೊಟ್ಟರೆ ಅದು ಸ್ನಾಯುವಿನ ಸೆಡೆತ. ಎಷ್ಟೇ ನಿಧಾನ ಮಾಡಿದರೂ ಅದೇ ಜಾಗದಲ್ಲಿ ನೋವಿನೊಂದಿಗೆ ಗಟ್ಟಿಯಾಗಿ ನಿಂತರೆ ಕೀಲಿನ ಚೀಲವೇ ಕುಗ್ಗಿದೆ, ಅಂದರೆ ಫ್ರೋಝನ್ ಶೋಲ್ಡರ್ ಎಂದು ಜನ ಕರೆಯುವ ಸ್ಥಿತಿ. ಸೆಡೆತ ಬಹಳ ದಿನ ಇದ್ದವರಲ್ಲಿ ಎರಡೂ ಒಟ್ಟಿಗೆ ಇರುತ್ತವೆ.

ಅಂಗೈಯನ್ನೂ ನೋಡಲೇಬೇಕು. ಕೈ ಊದಿ, ಚರ್ಮ ಹೊಳೆದು, ಬಿಸಿಯಾಗಿ ಅಥವಾ ಬಣ್ಣ ಬದಲಾಗಿ, ಬೆರಳಿನ ಬುಡದ ಗೆಣ್ಣುಗಳನ್ನು ಮಡಿಸಿದರೆ ಚೀರುವಂತಾದರೆ ಅದು ಭುಜ-ಹಸ್ತ ಸಿಂಡ್ರೋಮ್. ಇದರ ದಾರಿ ಬೇರೆ. ಬಟ್ಟೆ ತಾಗಿದರೆ, ತಣ್ಣನೆಯ ಗಾಳಿ ಬೀಸಿದರೆ ಉರಿಯುವ, ಭುಜದ ಜೊತೆ ಮುಖ, ಕಾಲಿಗೂ ಹಬ್ಬುವ, ಕೈ ಅಲುಗಿಸಲಿ ಬಿಡಲಿ ಅಷ್ಟೇ ಇರುವ ನೋವು ಮೆದುಳಿನ ಕಡೆಯಿಂದ ಬರುತ್ತಿದೆ. ಇನ್ನು ಕೈಯನ್ನು ಸ್ವಲ್ಪ ಎತ್ತಬಲ್ಲವರಿಗೆ ಎತ್ತುವ ನಡುಹಾದಿಯಲ್ಲಿ ಮಾತ್ರ ಚುಚ್ಚಿದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಉಜ್ಜಿಕೊಳ್ಳುತ್ತಿರುವ ಅನುಮಾನ. ಸ್ಟ್ರೋಕ್‌ಗೂ ಮೊದಲೇ ಹರಿದಿದ್ದ ರಜ್ಜು, ಸವೆದಿದ್ದ ಕೀಲು ಈಗ ಬಾಯಿಬಿಡುವುದೂ ಉಂಟು. ಹಳೆಯ ನೋವಿನ ಬಗ್ಗೆ ಮನೆಯವರನ್ನು ಕೇಳದೆ ಬಿಡಬೇಡಿ.

ಕೀಲು ಜಾರುವುದು ಮತ್ತು ನೋವು ಒಂದೇ ಅಲ್ಲ. ಎರಡು ಬೆರಳು ಜಾರಿದ್ದರೂ ನೋವಿಲ್ಲದವರಿದ್ದಾರೆ, ಒಂದಿಷ್ಟೂ ಜಾರದೆ ರಾತ್ರಿಯಿಡೀ ನರಳುವವರಿದ್ದಾರೆ. ಎಕ್ಸ್‌ರೇಯಲ್ಲಿ ಜಾರಿರುವುದು ಕಂಡಿತೆಂದು ಎಲ್ಲ ನೋವನ್ನೂ ಅದರ ತಲೆಗೆ ಕಟ್ಟಿದರೆ, ಕುಗ್ಗಿದ ಕೀಲಿಗೆ ತಿಂಗಳುಗಟ್ಟಲೆ ಸ್ಲಿಂಗ್ ಹಾಕಿ ಕೂರಿಸುವ ತಪ್ಪಾಗುತ್ತದೆ.

ಮಾತು ಹೋದವರು ನೋವು ಹೇಳಲಾರರು. ಒಂದರಿಂದ ಹತ್ತರ ಅಡ್ಡಗೆರೆ ತೋರಿಸಿದರೆ, ಎಡಬದಿಯತ್ತ ಗಮನವೇ ಹೋಗದವರು ಅರ್ಧ ಗೆರೆಯನ್ನಷ್ಟೇ ನೋಡುತ್ತಾರೆ. ಮುಖಚಿತ್ರಗಳನ್ನು ಮೇಲಿಂದ ಕೆಳಕ್ಕೆ ಜೋಡಿಸಿ, ಸರಿಯಿರುವ ಕೈಯಿಂದ ತೋರಿಸಲು ಬಿಡಿ. ಅಂಗಿ ಹಾಕಿಸುವಾಗ ಹಣೆ ಗಂಟಿಕ್ಕುವುದು, ಮಗ್ಗುಲು ತಿರುಗಿಸಿದಾಗ ಉಸಿರು ಬಿಗಿಹಿಡಿಯುವುದು ಯಾವ ಅಂಕಕ್ಕೂ ಕಡಿಮೆಯಿಲ್ಲ.

ಕೆಲವು ಸಂದರ್ಭಗಳಲ್ಲಿ ಈ ಯಾವ ಆಯ್ಕೆಯೂ ಬೇಡ, ನೇರ ಆಸ್ಪತ್ರೆಗೆ ಹೋಗಬೇಕು: ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆ ಕೆಂಪಾಗಿ ಕಾಯುವ ಕೀಲು, ಇದ್ದಕ್ಕಿದ್ದಂತೆ ಇಡೀ ತೋಳು ಊದಿಕೊಳ್ಳುವುದು, ಬೆವರು-ಏದುಸಿರು-ಎದೆಬಿಗಿತದ ಜೊತೆಗಿನ ಭುಜ ನೋವು.

ಆಸರೆ: ಸ್ಲಿಂಗ್, ಟ್ರೇ, ದಿಂಬು

ಕೀಲು ಜಾರಿದ ಸಡಿಲ ಕೈಗೆ ಮೊದಲ ಆಯ್ಕೆ ಆಸರೆ. ಯಾವ ಆಸರೆ ಎಂಬುದು ಆ ಹೊತ್ತಿಗೆ ಅವರು ನಿಂತಿದ್ದಾರೋ ಕೂತಿದ್ದಾರೋ ಮಲಗಿದ್ದಾರೋ ಎನ್ನುವುದರ ಮೇಲೆ ನಿಂತಿದೆ. ಇಡೀ ದಿನಕ್ಕೆ ಒಂದೇ ಸಾಧನ ಸಾಕು ಎಂದುಕೊಳ್ಳುವುದೇ ಇಲ್ಲಿನ ಸಾಮಾನ್ಯ ತಪ್ಪು.

ಮೊಣಕೈ ಮಡಿಸಿ ಎದೆಯ ಮುಂದೆ ಕಟ್ಟುವ ಮಾಮೂಲಿ ಸ್ಲಿಂಗ್ ಕೈಯನ್ನು ಎತ್ತಿ ಹಿಡಿಯುತ್ತದೆ, ನಿಜ. ಜೊತೆಗೆ ತೋಳನ್ನು ಎದೆಗೆ ಒತ್ತಿ ಒಳಕ್ಕೆ ತಿರುಗಿಸಿ ಇಡುತ್ತದೆ, ಅಂದರೆ ಮುಂದೆ ಸೆಡೆತ ಬಂದಾಗ ಕೈ ಯಾವ ಭಂಗಿಗೆ ಹೋಗಿ ನಿಲ್ಲುತ್ತದೋ ಅದೇ ಭಂಗಿಯಲ್ಲಿ. ಹೊತ್ತುಹೊತ್ತಿಗೂ ಅದರಲ್ಲೇ ಇಟ್ಟರೆ ಹೊರತಿರುಗು ಚಲನೆ ಕಳೆದುಹೋಗುತ್ತದೆ. ಕೈ ಕಣ್ಣಿಗೆ ಬೀಳದೆ, ಅದನ್ನು ಬಳಸುವ ಯೋಚನೆಯೂ ದೂರವಾಗುತ್ತದೆ. ಆದ್ದರಿಂದ ಇದು ನಿಲ್ಲುವಾಗ, ನಡೆಯುವಾಗ, ಹಾಸಿಗೆಯಿಂದ ಕುರ್ಚಿಗೆ ದಾಟುವಾಗ ಮಾತ್ರ. ಕೂತ ಕೂಡಲೇ ಬಿಚ್ಚಿ. ಬಿಗಿ ಬಂದ ಕೈಗೆ ಇದು ಬೇಡವೇ ಬೇಡ.

ಮೇಲ್ತೋಳಿಗೆ ಪಟ್ಟಿ ಸುತ್ತಿ, ಮೊಣಕೈಯನ್ನು ನೆಟ್ಟಗೆ ಬಿಟ್ಟು, ಅಂಗೈಗೆ ಹಿಡಿಕೆ ಕೊಡುವ ಇನ್ನೊಂದು ಬಗೆ ಇದೆ. ನಡೆಯುವವರಿಗೆ ನಾವು ಇದನ್ನೇ ಮುಂದಿಡುತ್ತೇವೆ: ತೋಳು ಒಳಕ್ಕೆ ತಿರುಗುವುದಿಲ್ಲ, ನಡೆಯುವಾಗ ಕೈ ಸ್ವಲ್ಪ ಬೀಸುತ್ತದೆ, ಸಮತೋಲ ಕೆಡುವುದಿಲ್ಲ. ಅನನುಕೂಲವೆಂದರೆ ಒಂದೇ ಕೈಯಲ್ಲಿ ಹಾಕಿಕೊಳ್ಳುವುದು ಕಷ್ಟ, ಅಳತೆ ಸ್ವಲ್ಪ ತಪ್ಪಿದರೂ ಉಪಯೋಗವಿಲ್ಲ. ಯಾವ ಬಗೆಯೇ ಆಗಲಿ, ಹಾಕಿದ ಮೇಲೆ ಭುಜದ ಕೆಳಗಿನ ಆ ಗುಂಡಿಗೆ ಮತ್ತೆ ಬೆರಳಿಡಿ. ಗುಂಡಿ ಮುಚ್ಚದಿದ್ದರೆ ಸ್ಲಿಂಗ್ ಹೆಸರಿಗಷ್ಟೇ. ಪಟ್ಟಿಯ ಭಾರ ಕುತ್ತಿಗೆಯ ಮೇಲೆ ಬೀಳದೆ ಎದುರು ಹೆಗಲಿನ ಮೇಲೆ ಹರಡಬೇಕು, ಮಣಿಕಟ್ಟು ಜೋತಾಡಬಾರದು, ಕಂಕುಳಲ್ಲಿ ಉರುಳೆ ತುರುಕಬಾರದು, ಅದು ಮೂಳೆಯ ತಲೆಯನ್ನು ಪಕ್ಕಕ್ಕೆ ತಳ್ಳಿ ನರದ ಮೇಲೆ ಒತ್ತಡ ಹಾಕುತ್ತದೆ.

ಕೂತಾಗ ಗಾಲಿಕುರ್ಚಿಯ ಮೇಲೆ ಅಡ್ಡ ಹಾಕುವ ಟ್ರೇ ಅಥವಾ ಮುಂಗೈ ಕೂರುವಂಥ ತೋಳಿನ ತೊಟ್ಟಿ ಸ್ಲಿಂಗ್‌ಗಿಂತ ಎಷ್ಟೋ ಮೇಲು. ಕೈ ಕಣ್ಣ ಮುಂದಿರುತ್ತದೆ, ಮುಂಗೈ ಪೂರ್ತಿ ಆನಿಕೊಳ್ಳುತ್ತದೆ. ಎತ್ತರ ಮಾತ್ರ ಸರಿಯಿರಬೇಕು: ತಗ್ಗಾದರೆ ಭುಜ ಜಾರುತ್ತದೆ, ಎತ್ತರವಾದರೆ ಹೆಗಲು ಕಿವಿಯತ್ತ ಏರಿ ಕುತ್ತಿಗೆ ಹಿಡಿಯುತ್ತದೆ. ಕಿರಿದಾದ ತೊಟ್ಟಿಯಿಂದ ಕೈ ಜಾರಿ ಚಕ್ರದ ಕಡ್ಡಿಗೆ ಸಿಕ್ಕುವ ಅಪಾಯವೂ ಇದೆ. ಕೈ ತನ್ನದೇ ಎಂಬ ಅರಿವು ಕಡಿಮೆಯಾದವರಿಗೆ ತೊಟ್ಟಿ ಬೇಡ, ಟ್ರೇಯೇ ಇರಲಿ.

ಮಲಗುವಾಗ ದಿಂಬಿಗೆ ಸಮನಾದ ಸಾಧನವಿಲ್ಲ. ಅಂಗಾತ ಮಲಗಿದರೆ ಹೆಗಲ ಹಲಗೆಮೂಳೆಯ ಅಡಿಯಿಂದ ಮುಂಗೈವರೆಗೂ ತೆಳುದಿಂಬು. ಬರೀ ಅಂಗೈ ಕೆಳಗೆ ಇಟ್ಟರೆ ಭುಜ ಹಿಂದಕ್ಕೆ ಕುಸಿದು ಬೆಳಗಿನ ಹೊತ್ತಿಗೆ ನೋಯುತ್ತದೆ. ಸರಿಯಿರುವ ಮಗ್ಗುಲಿಗೆ ಮಲಗಿದರೆ ಎದೆಯ ಮುಂದೆ ಎರಡು ದಿಂಬು ಜೋಡಿಸಿ ಸೋತ ಕೈಯನ್ನು ಅದರ ಮೇಲೆ ಚಾಚಿಡಿ. ಸೋತ ಮಗ್ಗುಲಿಗೆ ಮಲಗುವುದು ನಿಷಿದ್ಧವೇನಲ್ಲ, ಆದರೆ ಭುಜವನ್ನು ಮುಂದಕ್ಕೆ ತಂದು, ಭಾರ ಮೂಳೆಯ ತುದಿಯ ಮೇಲೆ ಬೀಳದೆ ಹಲಗೆಮೂಳೆಯ ಮೇಲೆ ಬೀಳುವಂತೆ ಮಾಡಬೇಕು. ಆ ಭಂಗಿ ನೋಯಿಸಿದರೆ ಹಠ ಬೇಡ.

ಇವೆಲ್ಲಕ್ಕಿಂತ ದೊಡ್ಡ ಆಸರೆ ನೋಡಿಕೊಳ್ಳುವವರ ಕೈ. ಕಂಕುಳಿಗೆ ಕೈ ಹಾಕಿ ಎತ್ತುವುದು, ಮಣಿಕಟ್ಟು ಹಿಡಿದು ಎಳೆದು ಕೂರಿಸುವುದು, ಕೈ ಜಗ್ಗಿ ಮಗ್ಗುಲು ಬದಲಿಸುವುದು – ವಾರವಿಡೀ ಕೊಟ್ಟ ಚಿಕಿತ್ಸೆಯನ್ನು ಹಾಳು ಮಾಡಲು ಇವುಗಳಲ್ಲಿ ಒಂದು ಸಾಕು. ಸೊಂಟಕ್ಕೆ ಬೆಲ್ಟ್ ಕಟ್ಟಿ ಅದನ್ನು ಹಿಡಿದು ಎಬ್ಬಿಸಿ. ಅಂಗಿ ತೊಡಿಸುವಾಗ ಸೋತ ಕೈ ಮೊದಲು ಒಳಗೆ, ತೆಗೆಯುವಾಗ ಅದೇ ಕೊನೆಗೆ ಹೊರಗೆ.

ಟೇಪ್

ಭುಜಕ್ಕೆ ಪಟ್ಟಿ ಅಂಟಿಸುವುದು ಮೊದಲ ವಾರಗಳ ಸಡಿಲ ಕೈಗೆ ಒಳ್ಳೆಯ ಪೂರಕ. ನೋವು ಶುರುವಾಗುವುದನ್ನು ಅದು ಮುಂದೂಡಬಲ್ಲದು. ಕೈಯ ಕಾರ್ಯಶಕ್ತಿಯನ್ನು ಹೆಚ್ಚಿಸುವುದಿಲ್ಲ. ಸ್ಲಿಂಗ್‌ಗಿಂತ ಇದರ ಮೇಲುಗೈ ಏನೆಂದರೆ ಮಲಗಲಿ, ಕೂರಲಿ, ಸ್ನಾನ ಮಾಡಲಿ ಜೊತೆಗೇ ಇರುತ್ತದೆ, ಕೈ ಕಟ್ಟಿಹಾಕುವುದಿಲ್ಲ. ಗಟ್ಟಿ ಟೇಪ್ ಅನ್ನು ಎರಡು-ಮೂರು ದಿನಕ್ಕೊಮ್ಮೆ, ಹಿಗ್ಗುವ ಟೇಪ್ ಅನ್ನು ಮೂರರಿಂದ ಐದು ದಿನಕ್ಕೊಮ್ಮೆ ಬದಲಿಸುತ್ತಾರೆ. ವಯಸ್ಸಾದವರ ತೆಳು ಚರ್ಮ, ರಕ್ತ ತೆಳುವಾಗಿಸುವ ಮಾತ್ರೆ, ಸ್ಪರ್ಶಜ್ಞಾನವಿಲ್ಲದಿರುವುದು – ಈ ಮೂರೂ ಸೇರಿದರೆ ಗುಳ್ಳೆ ಎದ್ದರೂ ಗೊತ್ತಾಗುವುದಿಲ್ಲ. ಮೊದಲು ಚಿಕ್ಕ ತುಂಡನ್ನು 24 ಗಂಟೆ ಅಂಟಿಸಿ ನೋಡಿ, ತೆಗೆಯುವಾಗ ಎಣ್ಣೆ ಹಚ್ಚಿ ಚರ್ಮವನ್ನು ಒತ್ತಿಹಿಡಿದು ನಿಧಾನವಾಗಿ ಬಿಡಿಸಿ. ಕುಗ್ಗಿದ ಕೀಲಿಗೂ ಸೆಟೆದ ಸ್ನಾಯುವಿಗೂ ಟೇಪ್‌ನಿಂದ ಹೆಚ್ಚೇನೂ ಆಗದು.

ವ್ಯಾಯಾಮ: ರಾಟೆಗೆ ಬೇಡ ಅನ್ನಿ

ಬಾಗಿಲ ಮೇಲೆ ರಾಟೆ ಕಟ್ಟಿ, ಸರಿಯಿರುವ ಕೈಯಿಂದ ಸೋತ ಕೈಯನ್ನು ಮೇಲೆಳೆಯುವ ವ್ಯಾಯಾಮ ಇನ್ನೂ ಚಾಲ್ತಿಯಲ್ಲಿದೆ. 1990ರಲ್ಲಿ ಪ್ರಕಟವಾದ ಒಂದು ಪುಟ್ಟ ಹೋಲಿಕೆಯಲ್ಲಿ ರಾಟೆ ಬಳಸಿದವರ ಪೈಕಿ ಶೇ. 62 ಜನರಿಗೆ ಭುಜ ನೋವು ಬಂತು. ಮೇಜಿನ ಮೇಲೆ ಚಕ್ರದ ಹಲಗೆ ಜಾರಿಸಿದವರಲ್ಲಿ ಶೇ. 12, ಥೆರಪಿಸ್ಟ್ ಕೈಯಿಂದಲೇ ಚಲನೆ ಕೊಟ್ಟವರಲ್ಲಿ ಶೇ. 8. ಭಾಗವಹಿಸಿದವರು 28 ಜನ ಮಾತ್ರ. ಆದರೂ ಕಾರಣ ಎಷ್ಟು ಸ್ಪಷ್ಟವಾಗಿದೆಯೆಂದರೆ ರಾಟೆಯನ್ನು ಸಮರ್ಥಿಸುವುದು ಕಷ್ಟ. ಆರೋಗ್ಯವಂತರು ಕೈ ಎತ್ತುವಾಗ ಹಲಗೆಮೂಳೆಯೂ ಮೇಲಕ್ಕೆ ಹೊರಳುತ್ತದೆ, ತೋಳು ಹೊರಕ್ಕೆ ತಿರುಗುತ್ತದೆ. ರಾಟೆ ಈ ಎರಡನ್ನೂ ಮಾಡದೆ ತೋಳನ್ನು ಮಾತ್ರ ಎಳೆಯುತ್ತದೆ. ರಜ್ಜುಗಳು ಭುಜದ ಮೇಲ್ಚಾವಣಿಯ ಮೂಳೆಗೆ ಸಿಕ್ಕಿ ಜಜ್ಜಿಹೋಗುತ್ತವೆ. ಎರಡೂ ಕೈ ಹೆಣೆದು ತಲೆಯ ಮೇಲಕ್ಕೆ ಎತ್ತುವುದನ್ನೂ ಇದೇ ಕಾರಣಕ್ಕೆ ಎಚ್ಚರದಿಂದ ನೋಡಬೇಕು.

ಅದರ ಬದಲು ಮೇಜಿನ ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಎರಡೂ ಕೈಯಿಟ್ಟು ಸೊಂಟದಿಂದ ಮುಂದೆ ಬಾಗುತ್ತಾ ಜಾರಿಸುವುದು. ತೋಳಿನ ಭಾರ ಮೇಜಿನ ಮೇಲಿರುತ್ತದೆ, ನೋವು ಬಂದಲ್ಲಿ ನಿಲ್ಲುವ ಅಧಿಕಾರ ಅವರ ಕೈಯಲ್ಲೇ ಇರುತ್ತದೆ. ಹತ್ತು ಸಲ, ದಿನಕ್ಕೆ ಎರಡು-ಮೂರು ಸರದಿ. ಇನ್ನೊಂದು, ಮೊಣಕೈ ಪಕ್ಕೆಗೆ ತಾಗಿಸಿ ಮುಂಗೈಯನ್ನು ಹೊರಕ್ಕೆ ತಿರುಗಿಸುವುದು; ಭುಜದಲ್ಲಿ ಮೊದಲು ಕಳೆದುಹೋಗುವ ಚಲನೆ ಇದೇ. ಮನೆಯವರು ಮಾಡಿಸುವಾಗ ಒಂದು ಕೈ ಹಲಗೆಮೂಳೆಯ ಮೇಲೆ, ಇನ್ನೊಂದು ಮೊಣಕೈಯ ಕೆಳಗೆ. ಹಲಗೆಮೂಳೆಯನ್ನು ಮುಂದಕ್ಕೂ ಮೇಲಕ್ಕೂ ಸರಿಸದೆ ತೋಳನ್ನು 90 ಡಿಗ್ರಿಗಿಂತ ಮೇಲೆ ಒಯ್ಯಬೇಡಿ. ವ್ಯಾಯಾಮ ಮುಗಿದ ಮೇಲೂ ಗಂಟೆಗಟ್ಟಲೆ ನೋವು ಉಳಿದರೆ ನಾಳೆ ಅಷ್ಟು ದೂರ ಹೋಗಬಾರದೆಂದು ಅರ್ಥ. ಸ್ಟ್ರೋಕ್‌ನಲ್ಲಿ 'ನೋವಾದರೂ ಮಾಡಿಸಬೇಕು' ಎಂಬ ಮಾತಿಗೆ ಜಾಗವಿಲ್ಲ.

ಮೊದಲ ವಾರಗಳಲ್ಲಿ ತೋಳನ್ನು ಹಿತವಾಗುವಷ್ಟು ಹೊರತಿರುಗಿಸಿ, ದಿಂಬಿನ ಆಸರೆಯಲ್ಲಿ ದಿನಕ್ಕೆ ಅರ್ಧ ಗಂಟೆ ಇಡುವುದರಿಂದ ಕುಗ್ಗುವಿಕೆ ನಿಧಾನವಾಗುತ್ತದೆ. ಒಮ್ಮೆ ಕುಗ್ಗಿದ ಮೇಲೆ ಬರೀ ಎಳೆತದಿಂದ ಅದು ಬಿಡುವುದು ಅಪರೂಪ. ಅಲ್ಲಿಗೆ ಚುಚ್ಚುಮದ್ದಿನ ಮಾತು ಬರುತ್ತದೆ.

ಕರೆಂಟ್: ಮೂರು ಬೇರೆ ಬೇರೆ ವಿಷಯ

ಜನ 'ಕರೆಂಟ್ ಕೊಡಿಸಿದೆವು' ಎನ್ನುವಾಗ ಯಾವುದನ್ನು ಕೊಟ್ಟರು ಎಂದು ಕೇಳಬೇಕಾಗುತ್ತದೆ. ಟೆನ್ಸ್ ಯಂತ್ರ ನೋವಿನ ಸಂಕೇತವನ್ನು ಮರೆಮಾಡುತ್ತದೆ, ಸ್ನಾಯುವನ್ನು ಕುಣಿಸುವುದಿಲ್ಲ. ಅಗ್ಗ, ಸುಲಭ, ಆದರೆ ಹಿತ ಹೆಚ್ಚಾಗಿ ಯಂತ್ರ ಚಾಲೂ ಇರುವ ಹೊತ್ತಿಗಷ್ಟೇ.

ಸ್ನಾಯು ಪ್ರಚೋದಕ ಯಂತ್ರದ ಕೆಲಸ ಬೇರೆ. ಹಲಗೆಮೂಳೆಯ ಏಣಿನ ಮೇಲ್ಭಾಗದಲ್ಲಿ ಒಂದು ಪ್ಯಾಡ್, ಭುಜದ ಹಿಂಬದಿಯ ಡೆಲ್ಟಾಯ್ಡ್ ಮೇಲೆ ಇನ್ನೊಂದು. ಸಾಮಾನ್ಯವಾಗಿ 20ರಿಂದ 50 ಹರ್ಟ್ಸ್, 200ರಿಂದ 300 ಮೈಕ್ರೋಸೆಕೆಂಡ್ ಮಿಡಿತ. ದಿನಕ್ಕೆ ಅರ್ಧ ಗಂಟೆಯಿಂದ ಶುರುಮಾಡಿ, ಸ್ನಾಯು ದಣಿಯದಂತೆ ನೋಡಿಕೊಂಡು ಕೆಲವು ಗಂಟೆಗಳವರೆಗೆ ಏರಿಸುತ್ತಾರೆ. ನಾಲ್ಕರಿಂದ ಆರು ವಾರ. ಸರಿಯಾಗಿ ಕೂತರೆ ಮೂಳೆಯ ತಲೆ ಮೇಲಕ್ಕೆ ಸರಿದು ಗುಂಡಿ ಮುಚ್ಚುವುದು ಕಣ್ಣಿಗೇ ಕಾಣುತ್ತದೆ. ಹೆಗಲು ಕಿವಿಯತ್ತ ಹಾರಿದರೆ ಕರೆಂಟ್ ಟ್ರೆಪೀಝಿಯಸ್ ಸ್ನಾಯುವಿಗೆ ಹೋಗುತ್ತಿದೆ, ಪ್ಯಾಡನ್ನು ಕುತ್ತಿಗೆಯಿಂದ ದೂರಕ್ಕೆ ಸರಿಸಿ. ಮೊದಲ ತಿಂಗಳುಗಳಲ್ಲಿ ಶುರುಮಾಡಿದರೆ ಜಾರಿಕೆ ಕಡಿಮೆಯಾಗುತ್ತದೆ. ವರ್ಷ ಕಳೆದ ಜಾರಿಕೆಗೆ ಫಲ ಕಡಿಮೆ. ನೋವಿನ ಮೇಲೆ ಇದರ ಪರಿಣಾಮ ಜಾರಿಕೆಯ ಮೇಲಿನಷ್ಟು ಖಚಿತವಲ್ಲ. ಜೆಲ್ ಒಣಗಿದ ಪ್ಯಾಡ್ ಚರ್ಮ ಸುಡುತ್ತದೆ. ಪೇಸ್‌ಮೇಕರ್ ಇದ್ದವರಿಗೆ ಬೇಡ. ಮೂರ್ಛೆರೋಗ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕೊಳ್ಳುವ ಮೊದಲು ಥೆರಪಿಸ್ಟ್ ಬಳಿ ಎರಡು ವಾರ ಪ್ರಯತ್ನಿಸಿ, ಪ್ಯಾಡ್ ಜಾಗವನ್ನು ಚರ್ಮದ ಮೇಲೆ ಗುರುತು ಹಾಕಿಸಿಕೊಂಡು ಬನ್ನಿ.

ಮೂರನೆಯದು, ಚರ್ಮದ ಮೂಲಕ ಕೂದಲೆಳೆಯಂಥ ತಂತಿಯನ್ನು ಡೆಲ್ಟಾಯ್ಡ್ ಸ್ನಾಯುವನ್ನು ನಡೆಸುವ ಆಕ್ಸಿಲರಿ ನರದ ಬಳಿ ಇಟ್ಟು, 60 ದಿನಗಳವರೆಗೆ ಪ್ರಚೋದಿಸಿ ಆಮೇಲೆ ಎಳೆದು ತೆಗೆಯುವ ವಿಧಾನ. ಹಳೆಯ ನೋವಿನ ಮೇಲೆ ಇದರ ಫಲ ಮೇಲ್ಮೈ ಪ್ಯಾಡ್‌ಗಿಂತ ಹೆಚ್ಚು ಭರವಸೆಯದು. ಆದರೆ ಎಲ್ಲ ಕಡೆ ಸಿಗುವುದಿಲ್ಲ, ತಂತಿ ತುಂಡಾಗುವ, ಸೋಂಕಾಗುವ ಸಾಧ್ಯತೆ ಇದೆ.

ಮಾತ್ರೆ

ಪ್ಯಾರಾಸಿಟಮಾಲ್ ಮೊದಲು. ವಯಸ್ಕರಿಗೆ ಒಮ್ಮೆಗೆ 500ರಿಂದ 1000 ಮಿಲಿಗ್ರಾಂ, ಎರಡು ಡೋಸ್ ನಡುವೆ ಕನಿಷ್ಠ 4ರಿಂದ 6 ಗಂಟೆ, 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. 50 ಕಿಲೋಗಿಂತ ಹಗುರವಿದ್ದವರಿಗೆ, ಯಕೃತ್ತಿನ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ನೋವು ಬಂದಾಗ ನುಂಗುವುದಕ್ಕಿಂತ ವ್ಯಾಯಾಮಕ್ಕೆ ಅರ್ಧ-ಮುಕ್ಕಾಲು ಗಂಟೆ ಮೊದಲು ಕೊಟ್ಟರೆ ಹೆಚ್ಚು ಉಪಯೋಗ.

ಡೈಕ್ಲೋಫೆನಾಕ್, ಐಬುಪ್ರೊಫೆನ್ ಗುಂಪಿನ ಮಾತ್ರೆಗಳು ಬೇರೆ ಯಾರಿಗೋ ಸುರಕ್ಷಿತವೆಂದು ಇವರಿಗೂ ಸುರಕ್ಷಿತವಲ್ಲ. ಅವು ಮತ್ತೆ ಸ್ಟ್ರೋಕ್ ಮತ್ತು ಹೃದಯಾಘಾತದ ಅಪಾಯವನ್ನು ಹೆಚ್ಚಿಸುತ್ತವೆ. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ. ಐಬುಪ್ರೊಫೆನ್ ಆಸ್ಪಿರಿನ್‌ನ ರಕ್ಷಣೆಯನ್ನೇ ಕುಂದಿಸಬಲ್ಲದು. ಹಳೆಯ ಚೀಟಿ ತೋರಿಸಿ ಕೊಳ್ಳುವ ನೋವಿನ ಮಾತ್ರೆಗಳಲ್ಲಿ ಹೆಚ್ಚಿನವು ಇವೇ. ಮುಲಾಮಿನ ರೂಪದಲ್ಲಿ ರಕ್ತಕ್ಕೆ ಸೇರುವುದು ತೀರ ಕಡಿಮೆ, ಅದನ್ನೂ ವೈದ್ಯರಿಗೆ ಹೇಳಿಯೇ ಹಚ್ಚಿ.

ಸೆಡೆತಕ್ಕೆ ಬ್ಯಾಕ್ಲೊಫೆನ್, ಟಿಝಾನಿಡಿನ್ ಕೊಡುವುದುಂಟು. ಭುಜವೊಂದಕ್ಕಾಗಿ ಇವು ನಮಗೆ ಒಪ್ಪಿಗೆಯಾಗುವುದಿಲ್ಲ: ಇಡೀ ಮೈಯ ಸ್ನಾಯು ಸಡಿಲವಾಗಿ, ಆಗಷ್ಟೇ ನಿಲ್ಲಲು ಕಲಿತವರು ತೂಕಡಿಸಿ ಬೀಳುತ್ತಾರೆ. ಕೈ, ಕಾಲು ಎಲ್ಲ ಕಡೆ ಬಿಗಿತ ಇದ್ದರೆ ಮಾತು ಬೇರೆ. ಬ್ಯಾಕ್ಲೊಫೆನ್ ಅನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು. ಮಾತ್ರೆ ಖಾಲಿಯಾಗುವ ಮುನ್ನವೇ ತರಿಸಿಟ್ಟುಕೊಳ್ಳಿ.

ಚುಚ್ಚುಮದ್ದು: ಯಾವ ಜಾಗಕ್ಕೆ, ಯಾವ ಕಾರಣಕ್ಕೆ

ಇಲ್ಲಿ ಮೂರು ಆಯ್ಕೆಗಳನ್ನು ಜನ ಒಂದೇ ಎಂದುಕೊಂಡು ಗೊಂದಲಪಡುತ್ತಾರೆ.

ಸ್ಟೀರಾಯ್ಡ್ ಹೋಗುವುದು ಕೀಲಿನ ಒಳಗೆ ಅಥವಾ ಭುಜದ ಚಾವಣಿಮೂಳೆಯ ಕೆಳಗಿನ ಚೀಲಕ್ಕೆ. ಸಾಮಾನ್ಯವಾಗಿ 40 ಮಿಲಿಗ್ರಾಂ ಟ್ರಯಾಮ್ಸಿನೊಲೋನ್ ಜೊತೆಗೆ ಮರಗಟ್ಟಿಸುವ ಔಷಧಿ. ಉರಿಯೂತ ಇದ್ದರೆ, ಕೀಲು ಕುಗ್ಗುವ ನೋವಿನ ಹಂತದಲ್ಲಿದ್ದರೆ ಇದು ಸರಿಯಾದ ಆಯ್ಕೆ. ಕಾರಣ ನೋಡದೆ ಭುಜ ನೋವಿದ್ದವರಿಗೆಲ್ಲ ಕೊಟ್ಟಾಗ ಫಲ ಅಷ್ಟಕ್ಕಷ್ಟೇ. ಸಕ್ಕರೆ ಕಾಯಿಲೆಯವರಲ್ಲಿ ಮುಂದಿನ ಹಲವು ದಿನ ಸಕ್ಕರೆ ಏರುತ್ತದೆ, ಅಳೆಯುತ್ತಿರಬೇಕು. ಒಂದೇ ಕೀಲಿಗೆ ವರ್ಷಕ್ಕೆ ಮೂರು-ನಾಲ್ಕಕ್ಕಿಂತ ಹೆಚ್ಚು ಸಲ ಸಾಮಾನ್ಯವಾಗಿ ಕೊಡುವುದಿಲ್ಲ, ರಜ್ಜು ದುರ್ಬಲವಾಗುತ್ತದೆ. ಕೀಲು ಪೂರ್ತಿ ಗಟ್ಟಿಯಾಗಿದ್ದರೆ ಅದರೊಳಗೆ ದ್ರವ ತುಂಬಿ ಚೀಲವನ್ನು ಹಿಗ್ಗಿಸುವ ವಿಧಾನವೂ ಇದೆ.

ಸುಪ್ರಾಸ್ಕ್ಯಾಪುಲರ್ ನರದ ಬ್ಲಾಕ್ ಕೀಲನ್ನು ಮುಟ್ಟುವುದೇ ಇಲ್ಲ. ಭುಜದ ಕೀಲಿನ ಸಂವೇದನೆಯ ಬಹುಪಾಲನ್ನು, ಸುಮಾರು ಶೇ. 70ರಷ್ಟನ್ನು, ಹೊತ್ತೊಯ್ಯುವ ಈ ನರಕ್ಕೆ ಹಲಗೆಮೂಳೆಯ ಮೇಲ್ಭಾಗದಲ್ಲಿ ಮರಗಟ್ಟಿಸುವ ಔಷಧಿ, ಜೊತೆಗೆ ಸ್ವಲ್ಪ ಸ್ಟೀರಾಯ್ಡ್ ಕೊಡುತ್ತಾರೆ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹುಸಿ ಚುಚ್ಚುಮದ್ದು ಪಡೆದವರಿಗಿಂತ ಬ್ಲಾಕ್ ಪಡೆದವರ ನೋವು 12 ವಾರಗಳವರೆಗೂ ಹೆಚ್ಚು ತಗ್ಗಿತ್ತು. ಕಾರಣ ಒಂದಕ್ಕಿಂತ ಹೆಚ್ಚಿದ್ದು ಯಾವುದು ಮುಖ್ಯ ಎಂದು ತಿಳಿಯದಿದ್ದಾಗ ನಮ್ಮ ಒಲವು ಇದರತ್ತ. ಮಂಚದ ಪಕ್ಕದಲ್ಲೇ ಕೊಡಬಹುದು. ಶ್ವಾಸಕೋಶಕ್ಕೆ ಸೂಜಿ ತಾಗುವ ಅಪಾಯ ವಿರಳ, ಅಲ್ಟ್ರಾಸೌಂಡ್ ನೋಡುತ್ತಾ ಕೊಟ್ಟರೆ ಇನ್ನೂ ವಿರಳ.

ಬೊಟುಲಿನಮ್ ಟಾಕ್ಸಿನ್, ಅಂದರೆ ಬೊಟಾಕ್ಸ್, ಸ್ನಾಯುವಿಗೆ. ಪೆಕ್ಟೊರಾಲಿಸ್ ಮತ್ತು ಸಬ್‌ಸ್ಕ್ಯಾಪುಲಾರಿಸ್ ಸೆಟೆದು ತೋಳನ್ನು ಎಳೆದು ಹಿಡಿದಿದ್ದರೆ ಮಾತ್ರ ಇದಕ್ಕೆ ಅರ್ಥ. ಚುಚ್ಚಿದ ದಿನ ಏನೂ ಆಗುವುದಿಲ್ಲ. ಮೂರನೇ ದಿನದಿಂದ ಎರಡು ವಾರದೊಳಗೆ ಸಡಿಲ ಶುರು, ನಾಲ್ಕರಿಂದ ಆರು ವಾರಕ್ಕೆ ಅತಿ ಹೆಚ್ಚು, ಮೂರು-ನಾಲ್ಕು ತಿಂಗಳಿಗೆ ಇಳಿಕೆ. 12 ವಾರಕ್ಕೆ ಮೊದಲು ಮತ್ತೆ ಕೊಡುವುದಿಲ್ಲ. ಸಡಿಲ ಕೈಗೆ ಕೊಟ್ಟರೆ ಇರುವ ಅಲ್ಪಸ್ವಲ್ಪ ಹಿಡಿತವೂ ಹೋಗುತ್ತದೆ. ಖರ್ಚಿನಲ್ಲಿ ಮೂರರಲ್ಲಿ ಇದೇ ದೊಡ್ಡದು, ಹಾಗಾಗಿ ಕೊಡಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಇದು ಸ್ನಾಯುವಿನ ಬಿಗಿತವೋ, ಕೀಲಿನ ಕುಗ್ಗುವಿಕೆಯೋ? ಎರಡನೆಯದಾದರೆ ಬೊಟಾಕ್ಸ್ ಹಾಕಿದರೂ ತೋಳು ತೆರೆದುಕೊಳ್ಳದು.

ಮೂರಕ್ಕೂ ಸಾಮಾನ್ಯವಾದ ಮಾತು: ನೋವು ಇಳಿದ ವಾರಗಳು ವ್ಯಾಯಾಮಕ್ಕೆ ಸಿಕ್ಕ ಅವಕಾಶ. ಚುಚ್ಚುಮದ್ದಿನ ದಿನಾಂಕ ಗೊತ್ತಾದ ಕೂಡಲೇ ಫಿಸಿಯೋಥೆರಪಿಯ ದಿನಾಂಕವನ್ನೂ ಗೊತ್ತು ಮಾಡಿ. ಹಾಗೆ ಮಾಡದಿದ್ದರೆ ಔಷಧಿ ಇಳಿದ ಮೇಲೆ ಭುಜ ಹಳೆಯ ಜಾಗದಲ್ಲೇ ಸಿಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯ ಹೆಸರನ್ನು ಮುಂಚೆಯೇ ಹೇಳಿ, ಆದರೆ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಿದ ನಾಲ್ಕು ದಿನದಲ್ಲಿ ಇನ್ನೊಂದು ಸ್ಟ್ರೋಕ್ ಆಗುವ ಅಪಾಯ ಚುಚ್ಚಿದ ಜಾಗದ ನೀಲಿಗಟ್ಟಿಗಿಂತ ದೊಡ್ಡದು.

ಬೇರೆ ದಾರಿಯ ಎರಡು ನೋವುಗಳು

ಭುಜ-ಹಸ್ತ ಸಿಂಡ್ರೋಮ್‌ನಲ್ಲಿ ಕೈಯನ್ನು ಕಟ್ಟಿ ಕೂರಿಸುವುದೇ ದೊಡ್ಡ ಹಾನಿ. ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲಿಡುವುದು, ಬೆರಳುಗಳಿಗೆ ಮೃದು ಚಲನೆ, ಜೊತೆಗೆ ವೈದ್ಯರು ಒಪ್ಪಿದರೆ ಅಲ್ಪಾವಧಿಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ. 2006ರ ಒಂದು ಅಧ್ಯಯನದಲ್ಲಿ ದಿನಕ್ಕೆ 40 ಮಿಲಿಗ್ರಾಂನಂತೆ ಎರಡು ವಾರ ಕೊಟ್ಟು ಆಮೇಲೆ ಇಳಿಸುತ್ತಾ ಬಂದಾಗ ಸುಮಾರು ಶೇ. 83 ಜನ ಸುಧಾರಿಸಿದರು. ಹೋಲಿಕೆಗೆ ಪೈರಾಕ್ಸಿಕ್ಯಾಮ್ ಎಂಬ ನೋವಿನ ಮಾತ್ರೆ ತೆಗೆದುಕೊಂಡವರಲ್ಲಿ ಸುಮಾರು ಶೇ. 17. ಸಕ್ಕರೆ, ರಕ್ತದೊತ್ತಡ, ಹೊಟ್ಟೆಹುಣ್ಣು ನೋಡದೆ ಇದನ್ನು ಶುರುಮಾಡುವಂತಿಲ್ಲ. ತಡವಾದಷ್ಟೂ ಫಲ ಕುಗ್ಗುತ್ತದೆ.

ಮೆದುಳಿನ ಕಡೆಯ ಉರಿನೋವಿಗೆ ಸ್ಲಿಂಗ್, ಟೇಪ್, ಸ್ಟೀರಾಯ್ಡ್ ಯಾವುದೂ ಅಲ್ಲ. ಅಮಿಟ್ರಿಪ್ಟಿಲಿನ್ ರಾತ್ರಿ 10 ಮಿಲಿಗ್ರಾಂನಿಂದ ಶುರುಮಾಡಿ ನಿಧಾನವಾಗಿ ಏರಿಸುವುದು, ಅಥವಾ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್. ಮೊದಲನೆಯದು ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ, ಪ್ರಾಸ್ಟೇಟ್ ಅಥವಾ ಹೃದಯದ ಲಯದ ತೊಂದರೆ ಇದ್ದವರಿಗೆ ಹೊಂದದು. ಉಳಿದೆರಡು ಮಂಪರು ತರುತ್ತವೆ, ಕಾಲು ಊದಿಸುತ್ತವೆ, ಮೂತ್ರಪಿಂಡ ದುರ್ಬಲವಿದ್ದರೆ ಡೋಸ್ ಇಳಿಸಬೇಕು.

ಉಳಿದವು

ಬಿಸಿನೀರಿನ ಚೀಲ, ಐಸ್ ಎರಡೂ ತಾತ್ಕಾಲಿಕ ಹಿತಕ್ಕೆ ಸರಿ, ಆದರೆ ಸ್ಪರ್ಶ ತಿಳಿಯದ ಭುಜದ ಮೇಲೆ ಸುಟ್ಟಗಾಯ ಗೊತ್ತೇ ಆಗದೆ ಆಗುತ್ತದೆ. ಬಿಸಿಯನ್ನು ಮೊದಲು ನಿಮ್ಮ ಮುಂಗೈ ಮೇಲೆ ಪರೀಕ್ಷಿಸಿ, 10-15 ನಿಮಿಷಕ್ಕೆ ತೆಗೆಯಿರಿ. ಹಗುರ ಮಸಾಜ್ ಮಾಡಿ, ನೀವಿ ಎಳೆಯುವವರ ಕೈಗೆ ಭುಜ ಕೊಡಬೇಡಿ. ಅಕ್ಯುಪಂಕ್ಚರ್‌ನಿಂದ ಕೆಲವರಿಗೆ ಹಿತವಾಗುತ್ತದೆ, ವ್ಯಾಯಾಮದ ಬದಲಿಗಲ್ಲ, ಜೊತೆಗೆ. ಸೆಟೆದ ರಜ್ಜುಗಳನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಇದೆ. ಉಳಿದದ್ದೆಲ್ಲ ಸೋತು, ತಿಂಗಳುಗಳು ಕಳೆದು, ಕಂಕುಳು ತೊಳೆಯಲೂ ತೋಳು ತೆರೆಯದಿದ್ದಾಗ ಅದರ ಸರದಿ.

ಆಯ್ಕೆ ಕೆಲಸ ಮಾಡುತ್ತಿದೆಯೇ?

ಒಂದೇ ವಾರದಲ್ಲಿ ಟೇಪ್, ಕರೆಂಟ್, ಹೊಸ ಮಾತ್ರೆ ಮೂರನ್ನೂ ಶುರುಮಾಡಿದರೆ ಯಾವುದು ಫಲ ಕೊಟ್ಟಿತು, ಯಾವುದು ತೊಂದರೆ ಕೊಟ್ಟಿತು ತಿಳಿಯದು. ಆಸರೆ ಮತ್ತು ವ್ಯಾಯಾಮ ಮೊದಲ ದಿನದಿಂದ ಇರಲಿ, ಉಳಿದವನ್ನು ಒಂದೊಂದಾಗಿ ಸೇರಿಸಿ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ಮೂರು ವಿಷಯ ಬರೆದಿಡಿ: ಭುಜ ನೋವಿನಿಂದ ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಮೊಣಕೈ ಪಕ್ಕೆಗಿಟ್ಟು ಮುಂಗೈ ಎಷ್ಟು ದೂರ ಹೊರಕ್ಕೆ ಹೋಯಿತು, ಅಂಗಿ ಹಾಕಿಸುವಾಗ ಎಲ್ಲಿ ನೋವಾಯಿತು. ಎರಡನೆಯದಕ್ಕೆ ಪ್ರತಿ ವಾರ ಅದೇ ಕುರ್ಚಿಯಲ್ಲಿ ಕೂರಿಸಿ ಮೇಲಿನಿಂದ ಫೋನಿನಲ್ಲಿ ಒಂದು ಚಿತ್ರ ತೆಗೆದರೆ ಸಾಕು, ಅಳತೆಯ ಉಪಕರಣ ಬೇಡ. ಮಾತ್ರೆಗೆ ಎರಡರಿಂದ ನಾಲ್ಕು ವಾರ, ಸ್ನಾಯು ಪ್ರಚೋದಕಕ್ಕೆ ಆರು, ಬೊಟಾಕ್ಸ್‌ಗೆ ಆರು, ಸ್ಟೀರಾಯ್ಡ್‌ಗೆ ಎರಡು-ಮೂರು ವಾರ ಕೊಡಿ. ಅಷ್ಟರಲ್ಲಿ ಬರೆದಿಟ್ಟ ಮೂರು ವಿಷಯಗಳಲ್ಲಿ ಒಂದೂ ಬದಲಾಗದಿದ್ದರೆ ಅದೇ ಚಿಕಿತ್ಸೆಯ ಡೋಸ್ ಏರಿಸುವ ಮೊದಲು, ಮೊದಲ ಪರೀಕ್ಷೆಗಳನ್ನು ವೈದ್ಯರಿಂದ ಮತ್ತೊಮ್ಮೆ ಮಾಡಿಸಿ. ಸಡಿಲವಾಗಿದ್ದ ಕೈ ಈ ನಡುವೆ ಬಿಗಿಯಾಗಿರಬಹುದು.